ಹಳೇ ಹೊಲಿಗೆಯ ಮೇಲೆ ಕೂತ ಮಾಸು

ಮೊದಲನೇದು ಸಿಸೇರಿಯನ್ ಆದವಳು ಎರಡನೇ ಸಲ ಬಸುರಾದರೆ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಮಾತು: "ಈ ಸತಿನಾದ್ರೂ ನಾರ್ಮಲ್ ಆಯ್ತದಾ?" ನಾನೂ ಡಾಕ್ಟರ ಹತ್ತಿರ ಅದನ್ನೇ ಕೇಳುತ್ತಿದ್ದೆ. ಹೊಟ್ಟೆಯೊಳಗೆ ಮಗುವಿಗೆ ಆಹಾರ ಮುಟ್ಟಿಸುವ ಮಾಸು ಎಲ್ಲಿ ಕೂತಿದೆ ಎಂದು ಕೇಳಬೇಕು ಅನ್ನುವುದು ಗೊತ್ತಾಗಿದ್ದು ಐದನೇ ತಿಂಗಳ ಸ್ಕ್ಯಾನಿಂಗ್ ಆದ ಮೇಲೆ.

ನಮ್ಮೂರು ಪಾಂಡವಪುರದ ಹತ್ತಿರ. ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದೊಡ್ಡ ಮಗಳು ಹುಟ್ಟುವಾಗ ನೀರು ಕಮ್ಮಿಯಾಗಿದೆ ಎಂದು ಹೊಟ್ಟೆ ಕುಯ್ದು ತೆಗೆದಿದ್ದರು. ಹೊಲಿಗೆ ಒಣಗಿತು, ಮಗು ಓಡಾಡಿತು, ಆ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ಎರಡನೆಯ ಸಲ ಮಂಡ್ಯದಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಪ್ಲಾಸೆಂಟಾ ಆಂಟೀರಿಯರ್, ಲೋ ಲೈಯಿಂಗ್' ಎಂದಿತ್ತು. ಮಾಸು ಗರ್ಭಕೋಶದ ಮುಂಭಾಗದಲ್ಲಿ, ಕೆಳಗಡೆ ಇದೆ ಎಂದರ್ಥ. ಐದನೇ ತಿಂಗಳಲ್ಲಿ ಹೀಗೆ ಕೆಳಗಿರುವುದು ಬಹಳ ಜನರಿಗೆ ಇರುತ್ತದಂತೆ, ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರದು ಮೇಲಕ್ಕೆ ಸರಿಯುತ್ತದಂತೆ. "32 ವಾರಕ್ಕೆ ಇನ್ನೊಂದು ಸ್ಕ್ಯಾನಿಂಗ್ ಮಾಡಿಸಲೇಬೇಕು, ತಪ್ಪಿಸಬೇಡಿ" ಅಂದರು. ನಮ್ಮತ್ತೆಗೆ ಇದು ಸರಿಕಾಣಲಿಲ್ಲ. "ಎಷ್ಟು ಸತಿ ಮಿಷಿನ್ನು ಇಕ್ಕುಸ್ಕಂಡೀಯೆ?" ಎಂಬುದು ಅವರ ತಕರಾರು. ಅವರನ್ನೂ ಪೂರ್ತಿ ದೂರುವ ಹಾಗಿಲ್ಲ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷಿನ್ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದದ್ದು ಬಯಲಾದ ಮೇಲೆ, ಹೆಣ್ಣುಮಗಳಿರುವ ಮನೆಯ ಬಸುರಿ ಎರಡು ಸಲ ಸ್ಕ್ಯಾನಿಂಗಿಗೆ ಹೋದರೆ ಬೀದಿಯವರು ಬೇರೆಯದೇ ಲೆಕ್ಕ ಹಾಕುತ್ತಾರೆ. ನನ್ನ ಜೀವ ಉಳಿಸಿದ್ದು ಅದೇ ಮಿಷಿನ್ನು.

32 ವಾರದ ಸ್ಕ್ಯಾನಿಂಗಿಗೆ ಚೆನ್ನಾಗಿ ನೀರು ಕುಡಿದು, ಉಚ್ಚೆ ಕಟ್ಟಿಕೊಂಡು ಬರಲು ಹೇಳಿದ್ದರು. ಮೂತ್ರಕೋಶ ತುಂಬಿದ್ದರೆ ಅದಕ್ಕೂ ಗರ್ಭಕೋಶಕ್ಕೂ ನಡುವಿನ ಗೆರೆ ಸರಿಯಾಗಿ ಕಾಣುತ್ತದೆ. ಡಾಕ್ಟರು ಬಹಳ ಹೊತ್ತು ಅದೊಂದೇ ಜಾಗವನ್ನು ನೋಡಿದರು. ಪರದೆಯ ಮೇಲೆ ಬಣ್ಣ ಹಾಕಿ ನೋಡಿದರು, ತೆಗೆದು ನೋಡಿದರು. ಮಾಸು ಮೇಲೆ ಸರಿದಿರಲಿಲ್ಲ. ಗರ್ಭಕೋಶದ ಬಾಯಿಯನ್ನು ಪೂರ್ತಿ ಮುಚ್ಚಿಕೊಂಡು, ಹಳೇ ಹೊಲಿಗೆಯ ಮೇಲೆಯೇ ಕೂತಿತ್ತು. ಇರಬೇಕಾದ ಗೆರೆ ಒಂದು ಕಡೆ ಕಾಣುತ್ತಿರಲಿಲ್ಲ. ಡಾಕ್ಟರು ರಿಪೋರ್ಟ್ ಕೈಗೆ ಕೊಟ್ಟು, "ಇದನ್ನ ತಗೊಂಡು ಸೀದಾ ಮೈಸೂರಿಗೆ ಹೋಗಿ. ಯೂರಾಲಜಿ, ರಕ್ತನಿಧಿ, ಮಕ್ಕಳ ಐಸಿಯು ಎಲ್ಲ ಒಂದೇ ಕಡೆ ಇರೋ ಆಸ್ಪತ್ರೆಗೇ ಹೋಗಿ" ಅಂದರು.

ಮೈಸೂರಿನ ಮೇಡಂ ಐವತ್ತು ದಾಟಿದವರು, ಮಾತು ಒರಟು. ರಿಪೋರ್ಟ್ ನೋಡಿ, ಎಂಆರ್‌ಐ ಮಾಡಿಸಿ, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಹಳೇ ಗೋಡೆ ಬಿರುಕಲ್ಲಿ ಅರಳಿಗಿಡ ಹುಟ್ಟಿರೋದು ನೋಡಿದ್ದೀರಲ್ಲ? ಕಿತ್ತರೆ ಏನಾಗುತ್ತೆ?" ಅಂದರು. ನಮ್ಮ ಮನೆಯವರು "ಗೋಡೆನೂ ಬತ್ತದೆ ಮೇಡಂ" ಅಂದರು. "ಇಲ್ಲೂ ಅಷ್ಟೇ. ಮಗು ತೆಗೀತೀವಿ. ಮಾಸಿಗೆ ಕೈ ಹಚ್ಚಲ್ಲ. ಗರ್ಭಕೋಶದ ಸಮೇತ ತೆಗೀಬೇಕಾಗುತ್ತೆ."

ಆಮೇಲೆ ಅವರು ಬಿಡಿಸಿ ಹೇಳಿದರು. ಹೆರಿಗೆಯಾದ ಮೇಲೆ ಮಾಸು ತಾನಾಗಿ ಬಿಟ್ಟುಕೊಳ್ಳಬೇಕು, ಆಗ ಗರ್ಭಕೋಶದ ಮಾಂಸ ಬಿಗಿದು ರಕ್ತನಾಳಗಳ ಬಾಯನ್ನು ಹಿಸುಕಿ ಮುಚ್ಚಬೇಕು. ಹೊಲಿಗೆ ಬಿದ್ದ ಜಾಗದಲ್ಲಿ ಒಳಪದರ ಸರಿಯಾಗಿ ಇರುವುದಿಲ್ಲ, ಮಾಸು ನೇರ ಮಾಂಸದೊಳಕ್ಕೆ ಇಳಿಯುತ್ತದೆ, ಕೆಲವರಲ್ಲಿ ಮೂತ್ರಕೋಶದ ತನಕ ಹೋಗುತ್ತದೆ. ಅಂಥದ್ದನ್ನು ಕಿತ್ತರೆ ಅರ್ಧ ಬಿಟ್ಟು ಅರ್ಧ ಉಳಿಯುತ್ತದೆ, ಬಾಯಿ ತೆರೆದ ನಾಳಗಳು ಮುಚ್ಚುವುದೇ ಇಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ, ಬಸುರಿಯ ಮೈಯಲ್ಲಿ ಇರುವುದೇ ಐದಾರು ಲೀಟರು. ದಿನಾ ಲೀಟರಿನಲ್ಲೇ ಬದುಕುವವಳು ನಾನು, ಆ ಲೆಕ್ಕ ಹಾಕಲು ನನಗೆ ಪೆನ್ನು ಬೇಕಾಗಲಿಲ್ಲ.

"ಎಲ್ಲಾರಿಗೂ ಹಿಂಗೇ ಆಯ್ತದಾ ಮೇಡಂ?" ಅಂತ ಕೇಳಿದೆ. ಎಲ್ಲರಿಗೂ ಅಲ್ಲ ಅಂದರು. 2006ರಲ್ಲಿ ಅಮೆರಿಕದಲ್ಲಿ 30 ಸಾವಿರಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಲೆಕ್ಕ ಹಾಕಿ ನೋಡಿದ್ದಾರಂತೆ. ಮೊದಲು ಒಂದು ಸಿಸೇರಿಯನ್ ಆಗಿ, ಈಗ ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ 100ಕ್ಕೆ 11 ಜನರಲ್ಲಿ ಹೀಗೆ ಅಂಟಿರುತ್ತದೆ. ಮೊದಲು ಎರಡಾಗಿದ್ದರೆ 40. ಸಿಸೇರಿಯನ್ ಹೆಚ್ಚಿದಷ್ಟೂ ಈ ತೊಂದರೆಯೂ ಹೆಚ್ಚುತ್ತಿದೆ ಎಂದು ಅವರೇ ಹೇಳಿದರು.

ಒಪ್ಪಿಗೆ ಕಾಗದವನ್ನು ಅವತ್ತೇ ಕೊಟ್ಟರು, ಕನ್ನಡದಲ್ಲಿತ್ತು. ನಮ್ಮ ಮನೆಯವರು ಪೆನ್ನು ತೆಗೆದರೆ ಮೇಡಂ ತಡೆದರು. "ನಿಮ್ಮದು ಆಮೇಲೆ. ಮೊದಲು ಅವರು ಓದಲಿ. ಗರ್ಭಕೋಶ ಅವರದ್ದು." ಗಂಡನ ಸಹಿ, ಅಪ್ಪನ ಸಹಿ ಎಂದು ಕೇಳಿಯೇ ಅಭ್ಯಾಸವಾಗಿದ್ದ ನನಗೆ ಆ ಮಾತು ವಿಚಿತ್ರವಾಗಿ ಕೇಳಿಸಿತು. ವಕೀಲಿ ಮಾಡುವ ನಮ್ಮ ದೊಡ್ಡಪ್ಪನ ಮಗ ಆಮೇಲೆ ಹೇಳಿದ: 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿದೆಯಂತೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಹೆಂಗಸಿನ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ವಯಸ್ಸಿಗೆ ಬಂದವರಿಗೆ ಅವರದೇ ಒಪ್ಪಿಗೆ ಬೇಕು, ಪ್ರಾಣಕ್ಕೆ ಬಂದ ತುರ್ತು ಇದ್ದರೆ ಮಾತ್ರ ಬೇರೆ ಮಾತು ಎಂದಿತು ನ್ಯಾಯಾಲಯ. ಸಹಿ ಹಾಕುವಾಗ ನನ್ನ ಕೈಯೇನೂ ನಡುಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಪಾಂಡವಪುರದ ಬಸ್ಸು ಹತ್ತಿ ಕೂತ ಮೇಲೆ ಮಾತ್ರ ಅಳು ತಡೆಯಲಾಗಲಿಲ್ಲ.

ಮನೆಯಲ್ಲಿ ರಂಪ ಆಯಿತು. ಅವ್ವ, "ಇನ್ನೊಂದು ಕಡೆ ತೋರ್ಸನ ಕನ ಮಗ, ತೆಗಿಯಕಿಲ್ಲ ಅನ್ನೋರೂ ಇರ್ತರೆ" ಅಂದಳು. ಹಾಗನ್ನುವವರು ಸಿಕ್ಕಿದರೂ ಸಿಗುತ್ತಿದ್ದರೇನೋ, ನನಗೆ ಅವರೇ ಹೆದರಿಕೆ. ಅದೇ ಹೊತ್ತಿಗೆ, 2024ರ ನವೆಂಬರಿನಲ್ಲಿ, ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ನಮ್ಮ ಮನೆಯವರು ಟಿವಿ ರೀಚಾರ್ಜ್ ಮಾಡಿಸುವುದನ್ನೇ ನಿಲ್ಲಿಸಿದರು.

ಮೇಡಂ ಕೊಟ್ಟ ಕೆಲಸದ ಪಟ್ಟಿ ಇತ್ತು, ಅದರಲ್ಲಿ ಮುಳುಗಿದೆವು. ನನ್ನ ಹಿಮೋಗ್ಲೋಬಿನ್ 8.9 ಇತ್ತು. ಬಸುರಿಗೆ 11ಕ್ಕಿಂತ ಕಮ್ಮಿಯಿದ್ದರೆ ರಕ್ತಹೀನತೆ. ಮಾತ್ರೆ ಸಾಲದು ಎಂದು ಕಬ್ಬಿಣಾಂಶದ ಇಂಜೆಕ್ಷನ್ನನ್ನು ಡ್ರಿಪ್ಪಿನಲ್ಲಿ ಕೊಟ್ಟರು. ರಕ್ತಸ್ರಾವ ಆಗಿಯೇ ಆಗುತ್ತದೆ ಎಂದಾದರೆ, ಕೈಯಲ್ಲಿ ಆದಷ್ಟು ಹೆಚ್ಚು ಇಟ್ಟುಕೊಂಡು ಹೋಗಬೇಕು. ಆಮೇಲೆ ರಕ್ತದಾನಿಗಳು. ನನ್ನದು ಓ ಪಾಸಿಟಿವ್. "ಅದೇನು, ಎಲ್ಲಾ ಕಡೆ ಸಿಗ್ತದೆ" ಅಂದವರೇ ಹೆಚ್ಚು. ಆದರೆ ಓ ಗುಂಪಿನವರಿಗೆ ಓ ಬಿಟ್ಟು ಬೇರೆ ಗುಂಪಿನ ರಕ್ತಕಣ ಕೊಡುವ ಹಾಗಿಲ್ಲ, ಉಳಿದವರು ಬೇಕಾದರೆ ನಮ್ಮದನ್ನು ತೆಗೆದುಕೊಳ್ಳಬಹುದು. ಡೈರಿಗೆ ಹಾಲು ಹಾಕುವ ಮನೆಗಳ ಹುಡುಗರೆಲ್ಲ ಹೆಸರು ಬರೆಸಿದರು. ಒಬ್ಬ ಹೊಸದಾಗಿ ತೋಳಿಗೆ ಹಚ್ಚೆ ಹಾಕಿಸಿಕೊಂಡಿದ್ದ, ಅವನನ್ನು ಬೇಡ ಅಂದರು. ಇನ್ನಿಬ್ಬರು ಹಿಂದಿನ ರಾತ್ರಿ ಕುಡಿದು ಬಂದಿದ್ದರು, ಅವರೂ ವಾಪಸ್. ಅದರಲ್ಲೊಬ್ಬ, "ಅಕ್ಕ, ನಿಮ್ಗೋಸ್ಕರ ಬಿಟ್ಬುಡ್ತೀನಿ" ಅಂದವನು ನಿಜಕ್ಕೂ ಬಿಟ್ಟು, ನನ್ನ ಆಪರೇಷನ್ ದಿನ ಬಂದು ಕೊಟ್ಟ. ಈಗ ಮತ್ತೆ ಶುರು ಮಾಡಿದ್ದಾನೆ, ಅದು ಬೇರೆ ಮಾತು.

ಮತ್ತೊಂದು ಕಟ್ಟಪ್ಪಣೆ: ಆಸ್ಪತ್ರೆಯಿಂದ ಅರ್ಧ ಗಂಟೆಯೊಳಗಿನ ಜಾಗದಲ್ಲೇ ಇರಬೇಕು. ಕಬ್ಬು ಕಡಿಯುವ ಕಾಲ, ರಾತ್ರಿ ಹೊತ್ತು ಕಿರಂಗೂರಿನ ಕಡೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಮೈಸೂರಿನಲ್ಲಿ ಹೆಬ್ಬಾಳಿನ ಚಿಕ್ಕಮ್ಮನ ಮನೆಗೆ ಗಂಟುಮೂಟೆ ಕಟ್ಟಿಕೊಂಡು ಬಂದೆ. ಪಕ್ಕದ ಮನೆಯವರು ಆಟೋ ಓಡಿಸುತ್ತಾರೆ. ನಾನು ಅಲ್ಲಿದ್ದಷ್ಟು ದಿನ ಅವರು ಆಟೋ ಮುಖವನ್ನು ರಸ್ತೆ ಕಡೆಗೆ ತಿರುಗಿಸಿಯೇ ನಿಲ್ಲಿಸುತ್ತಿದ್ದರು.

ಮೊದಲು ಸ್ವಲ್ಪ ರಕ್ತ ಕಾಣಿಸಿಕೊಂಡು ನಿಂತಿತು. ಆಗ ಆಸ್ಪತ್ರೆಗೆ ಸೇರಿಸಿಕೊಂಡು, ಮಗುವಿನ ಶ್ವಾಸಕೋಶ ಬಲಿಯಲಿ ಎಂದು 12 ಗಂಟೆಗೊಂದರಂತೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ 4 ಸಲ ಕೊಟ್ಟು ಕಳಿಸಿದರು. 36ನೇ ವಾರಕ್ಕೆ ಮೊದಲೇ ದಿನ ಗೊತ್ತು ಮಾಡಿ ಆಪರೇಷನ್ ಮಾಡುವುದೆಂದು ಮಾತಾಗಿತ್ತು. ಅಷ್ಟರತನಕ ಅದು ಕಾಯಲಿಲ್ಲ. ಒಂದು ರಾತ್ರಿ ಎಚ್ಚರವಾದಾಗ ಲಂಗ, ಹಾಸಿಗೆ ಎಲ್ಲ ತೊಯ್ದಿತ್ತು. ನೋವು ಎಳ್ಳಷ್ಟೂ ಇಲ್ಲ. ಬಚ್ಚಲಿಗೆ ಹೋಗಿ ನಿಂತರೆ ಕಾಲಿನುದ್ದಕ್ಕೂ ಕೆಂಪು ಧಾರೆ. ನೋವಿಲ್ಲದೆ ರಕ್ತ ಹೋಗುವುದೇ ಇದರ ಲಕ್ಷಣ ಎಂದು ಮೇಡಂ ಹೇಳಿದ್ದರು, ಅದಕ್ಕೇ "ಬೆಳಗಾಗಲಿ ನೋಡೋಣ" ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಚಿಕ್ಕಮ್ಮ ಗೋಡೆ ಬಡಿದರು, ಆಟೋ ಹೊರಟಿತು.

ಆಸ್ಪತ್ರೆಯಲ್ಲಿ ಎರಡೂ ಕೈಗೆ ದಪ್ಪ ಸೂಜಿ, ಓಡುವ ಚಪ್ಪಲಿ ಸದ್ದು, ಯಾರೋ ಫೋನಿನಲ್ಲಿ "ಪ್ಲಾಸ್ಮಾ ಈಗಲೇ ಕರಗಿಸೋಕೆ ಹಾಕಿ" ಎನ್ನುತ್ತಿದ್ದರು. ಪ್ಲಾಸ್ಮಾ ಅಂದರೆ ರಕ್ತದ ತಿಳಿ ಭಾಗ. ಅದನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ ಇಟ್ಟಿರುತ್ತಾರೆ, ಕರಗಲು ಅರ್ಧ ಗಂಟೆ ಹತ್ತಿರ ಬೇಕು. ಬೇಕಾದಾಗ ಕೇಳಿದರೆ ತಡವಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶ ಅದರಲ್ಲೇ ಇರುವುದು, ಬರೀ ರಕ್ತಕಣ ಏರಿಸುತ್ತ ಹೋದರೆ ಸೋರುವುದು ನಿಲ್ಲುವುದಿಲ್ಲ. ಮೇಡಂ ಮನೆಯಿಂದ ಬಂದರು, ತಲೆಗೂದಲು ಕೆದರಿತ್ತು. "ನೆನಪಿದೆಯಲ್ಲಮ್ಮ, ಏನು ಮಾತಾಡಿಕೊಂಡಿದ್ವಿ?" ಅಂದರು. "ನೆನಪೈತೆ ಮೇಡಂ" ಅಂದೆ. ಮೂಗಿನ ಮೇಲೆ ಮಾಸ್ಕ್ ಬಂತು. ಮುಂದಿನದು ನನಗೆ ಗೊತ್ತಿಲ್ಲ.

ಕೇಳಿ ತಿಳಿದದ್ದು, ಡಿಸ್ಚಾರ್ಜ್ ಕಾಗದದಲ್ಲಿ ಓದಿದ್ದು ಇಷ್ಟು. ಹೊಟ್ಟೆಯನ್ನು ಉದ್ದಕ್ಕೆ ಕುಯ್ದರು. ಹಳೇ ಹೊಲಿಗೆಯ ತಂಟೆಗೆ ಹೋಗದೆ ಗರ್ಭಕೋಶದ ಮೇಲ್ಭಾಗದಲ್ಲಿ ಬಾಯಿ ಮಾಡಿ ಮಗುವನ್ನು ತೆಗೆದರು. ಹೊಕ್ಕುಳಬಳ್ಳಿ ಕಟ್ಟಿ, ಮಾಸನ್ನು ಒಳಗೇ ಬಿಟ್ಟು, ಗರ್ಭಕೋಶವನ್ನು ಹಾಗೇ ಹೊಲಿದರು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹೋಯಿತು. ಕಿಬ್ಬೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳನ್ನು ಎರಡೂ ಬದಿಯಲ್ಲಿ ಕಟ್ಟಿದರು. ಮೂತ್ರಕೋಶ ಅಂಟಿಕೊಂಡಿತ್ತು, ಬಿಡಿಸುವಾಗ ತೂತಾಯಿತು, ಯೂರಾಲಜಿ ಡಾಕ್ಟರು ಬಂದು ಹೊಲಿದರು. ಗರ್ಭಕೋಶವನ್ನು ಮಾಸಿನ ಸಮೇತ ತೆಗೆದು ಪರೀಕ್ಷೆಗೆ ಕಳಿಸಿದರು. ಅಂಡಾಶಯಗಳನ್ನು ಉಳಿಸಿದರು. ಹೋದ ರಕ್ತ ಮೂರೂವರೆ ಲೀಟರ್ ಎಂದು ಬರೆದಿದೆ. ಇಷ್ಟೆಲ್ಲ ಸಿದ್ಧತೆ ಇದ್ದೂ ಮೂರೂವರೆ ಲೀಟರ್.

ನಮ್ಮ ಮನೆಯವರಿಗೆ ಹೊರಗೆ ಮೊದಲು ಸಿಕ್ಕ ಸುದ್ದಿ ಮಗುವಿನದು, ಹೆಣ್ಣು, ಎರಡು ಕೆಜಿ ಚಿಲ್ಲರೆ, ಅತ್ತಿದೆ. ಆಮೇಲೆ ಬಹಳ ಹೊತ್ತು ಬರೀ ಚೀಟಿಗಳು ಬಂದವು, ರಕ್ತನಿಧಿಗೆ, ಔಷಧಿ ಅಂಗಡಿಗೆ, ಮತ್ತೆ ರಕ್ತನಿಧಿಗೆ. "ಏನಾಗೈತೆ ಅಂತ ಕೇಳಕ್ಕೆ ಧೈರ್ಯ ಇರ್ಲಿಲ್ಲ, ಓಡೋ ಕೆಲ್ಸ ಇತ್ತಲ್ಲ, ಅದೇ ವಾಸಿಯಾಯ್ತು" ಎಂದು ಈಗಲೂ ಅನ್ನುತ್ತಾರೆ.

ಐಸಿಯುನಲ್ಲಿ ಎಚ್ಚರವಾದಾಗ ಗಂಟಲೊಳಗೆ ಪೈಪಿತ್ತು, ಮಾತಾಡುವ ಹಾಗಿರಲಿಲ್ಲ. ಸಿಸ್ಟರ್ ಕಿವಿಯ ಹತ್ತಿರ ಬಗ್ಗಿ, "ಪಾಪು ಚೆನ್ನಾಗಿದೆ, ಹೆಣ್ಣು. ಗರ್ಭಕೋಶ ತೆಗೆದಿದ್ದಾರೆ, ನಿಮಗೆ ಮೊದಲೇ ಹೇಳಿದ್ರಲ್ಲ" ಅಂದರು. ತಲೆಯಾಡಿಸಿದೆ. ಗೊತ್ತಿದ್ದ ವಿಷಯ. ಬಸ್ಸಿನಲ್ಲಿ ಕೂತು ಅತ್ತು ಮುಗಿಸಿದ್ದ ವಿಷಯ.

ವಾರ್ಡಿಗೆ ಹಾಕಿದ ಮೇಲೆ ಪಕ್ಕದ ಮಂಚದಲ್ಲಿ ಒಬ್ಬ ಹುಡುಗಿ ಇದ್ದಳು, ಚೊಚ್ಚಲ ಹೆರಿಗೆ, ನನಗಿಂತ ಬಹಳ ಚಿಕ್ಕವಳು. ಅವಳದು ಮಾಸಿನ ತೊಂದರೆ ಅಲ್ಲ. ಹೆರಿಗೆ ಸಲೀಸಾಗಿಯೇ ಆಗಿತ್ತು. ಆಮೇಲೆ ಗರ್ಭಕೋಶ ಬಿಗಿಯಲೇ ಇಲ್ಲ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಹೆಚ್ಚಾಗಿ ಇದೇ ಕಾರಣವಂತೆ. ಗರ್ಭಕೋಶ ಬಿಗಿಯಲೆಂದು ಆಕ್ಸಿಟೋಸಿನ್ ಕೊಟ್ಟರು, ಬೇರೆ ಇಂಜೆಕ್ಷನ್ ಕೊಟ್ಟರು, ಮಾತ್ರೆ ಇಟ್ಟರು, ಕೈಯಿಂದ ಒತ್ತಿ ಹಿಡಿದರು, ಒಳಗೆ ಬಲೂನಿಟ್ಟು ನೀರು ತುಂಬಿದರು, ಮೈಸೂರಿಗೆ ಕಳಿಸಿದ ಮೇಲೆ ಹೊಟ್ಟೆ ಕುಯ್ದು ಗರ್ಭಕೋಶದ ಸುತ್ತ ಹೊಲಿಗೆ ಹಾಕಿ ಬಿಗಿದರು. ಯಾವುದಕ್ಕೂ ನಿಲ್ಲಲಿಲ್ಲ. ಕೊನೆಗೆ ತೆಗೆದರು. ಅವಳು ಪ್ರಜ್ಞೆಯಲ್ಲಿ ಇರಲಿಲ್ಲ, ಸಹಿ ಗಂಡ ಹಾಕಿದ್ದ. ಅವಳಿಗೆ ವಿಷಯ ತಿಳಿದದ್ದು ನೋಡಲು ಬಂದ ನೆಂಟರೊಬ್ಬರು ಅವಳ ಅತ್ತೆಯ ಹತ್ತಿರ ಮರುಗುತ್ತಿದ್ದಾಗ, ಕಣ್ಣು ಮುಚ್ಚಿ ಮಲಗಿದ್ದವಳ ಕಿವಿಗೆ ಬಿದ್ದು.

ಒಂದು ರಾತ್ರಿ ಅವಳು, "ಅಕ್ಕ, ನಿಮ್ಮನ್ನ ಕೇಳಿದ್ರಾ?" ಅಂದಳು.

"ಹ್ಞೂಂ, ಮೊದ್ಲೇ ಕೇಳಿದ್ರು" ಅಂದೆ.

"ನನ್ನ ಕೇಳ್ಳೇ ಇಲ್ಲ ಕನಕ್ಕ."

ಏನು ಹೇಳಲಿ? ಕೇಳುವಷ್ಟು ಹೊತ್ತು ಯಾರ ಕೈಯಲ್ಲೂ ಇರಲಿಲ್ಲ. ತೆಗೆಯದೆ ಇನ್ನಷ್ಟು ಹೊತ್ತು ನೋಡಿದ್ದರೆ ಅವಳು ನನ್ನ ಪಕ್ಕದಲ್ಲಿ ಮಲಗಿರುತ್ತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಡಾಕ್ಟರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೂ ನಾವಿಬ್ಬರೂ ಕಳೆದುಕೊಂಡದ್ದು ಒಂದೇ ಆಗಿದ್ದರೂ ನನಗೆ ಬಂದ ನಿದ್ದೆ ಅವಳಿಗೆ ಬರುತ್ತಿರಲಿಲ್ಲ. ಎಚ್ಚರವಾದ ಮೇಲಾದರೂ ಡಾಕ್ಟರೋ ಗಂಡನೋ ಅವಳ ಪಕ್ಕ ಕೂತು ಮೊದಲು ಅವಳಿಗೇ ಹೇಳಬಹುದಿತ್ತು. ಅದಕ್ಕೆ ಹತ್ತು ನಿಮಿಷ ಸಾಕು. ಮರುದಿನ ನಮ್ಮ ಮೇಡಂ ರೌಂಡ್ಸಿಗೆ ಬಂದಾಗ ನಾನೇ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಅವಳ ಮಂಚದ ಪಕ್ಕ ಕೂತರು, ಒಂದು ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ಅವಳು ಆ ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ನನ್ನ ಮಗು ಮಕ್ಕಳ ಐಸಿಯುನಲ್ಲಿತ್ತು. ರಕ್ತ ಬಹಳ ಹೋದವರಿಗೆ ಹಾಲು ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ ಎಂದಿದ್ದರು. ಎರಡು ಗಂಟೆಗೊಮ್ಮೆ ಕೈಯಲ್ಲಿ ಹಿಂಡಿದೆ. ಮೊದಲು ಬಂದದ್ದು ಹನಿ ಲೆಕ್ಕ. ಊರಿನವರ ಹಾಲನ್ನೆಲ್ಲ ಅಳೆದವಳು ಅರ್ಧ ಚಮಚಕ್ಕೆ ಕಣ್ಣು ಕೀಲಿಸಿ ಕೂತಿದ್ದೆ. ಅದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ನಮ್ಮತ್ತೆಗೆ ಆ ಮಿಷಿನ್ನುಗಳ ನಡುವೆ ಒಳಲೆ ಕಂಡದ್ದೇ ಖುಷಿ, "ನಮ್ಮ ಕಾಲದ್ದೇ ಇಟ್ಟವ್ರಲ್ಲ!" ಎಂದು ಅಂದಿನಿಂದ ಆಸ್ಪತ್ರೆಯ ಪಕ್ಷ ವಹಿಸಿದರು. ಮಗುವನ್ನು ಬರಿಮೈಗೆ ಒತ್ತಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ನನಗೆ ಆಗದ ಹೊತ್ತಿನಲ್ಲಿ ನಮ್ಮ ಮನೆಯವರು ಮಾಡಿದರು. ಮೂತ್ರಕೋಶದ ಹೊಲಿಗೆ ಕೂಡುವ ತನಕ ಎರಡು ವಾರ ಕ್ಯಾತಿಟರ್ ಇರಬೇಕಿತ್ತು. ಉಚ್ಚೆ ಚೀಲವನ್ನು ಅವ್ವನ ವೈರ್ ಬ್ಯಾಗಿನಲ್ಲಿಟ್ಟುಕೊಂಡು, ಸಂತೆಗೆ ಹೊರಟವಳ ಹಾಗೆ ಮಗು ನೋಡಲು ಹೋಗಿ ಬರುತ್ತಿದ್ದೆ.

ಊರಿಗೆ ಬಂದ ಮೇಲೆ ಬಂದವರ ಮಾತು ಕೇಳಬೇಕಿತ್ತು. ಅಯ್ಯೋ ಪಾಪ ಅನ್ನುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅಂದವರು ಕಡಿಮೆ. "ಅದೇನ್ ಬುಡವ್ವ, ನಾನೂ ತಗ್ಸಿವ್ನಿ" ಅಂದವರೇ ಹೆಚ್ಚು. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟು ಎಂದು ನಲವತ್ತಕ್ಕೆ ಮೊದಲೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಬೀದಿಯಲ್ಲೇ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಎಷ್ಟು ಬೇಕಿತ್ತು, ಎಷ್ಟು ಬೇಡವಾಗಿತ್ತು, ಅವರನ್ನು ಯಾರು ಕೂರಿಸಿ ಕೇಳಿದ್ದರು? ಅವರ ಮಾತು ಸಮಾಧಾನವೂ ಆಯಿತು, ಸಿಟ್ಟನ್ನೂ ತರಿಸಿತು.

ಉಳಿದಂತೆ, ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುತ್ತದೆ, ಗಂಡಸಿನ ಹಾಗೆ ಆಗುತ್ತೀಯೆ, ಗಂಡನಿಗೆ ಬೇಡವಾಗುತ್ತೀಯೆ. ಎಲ್ಲವೂ ಸುಳ್ಳು. ಅಂಡಾಶಯ ಇರುವುದರಿಂದ ಹೆಣ್ಣಿನ ಹಾರ್ಮೋನು ಇದೆ. ಮುಟ್ಟು ಇಲ್ಲ, ಬಸುರಿಲ್ಲ, ಅಷ್ಟೇ. ಮೂರನೇ ಮಗು ನಮಗೆ ಬೇಕಿರಲಿಲ್ಲ, ಸಂತಾನಹರಣ ಮಾಡಿಸಿಕೊಳ್ಳುವುದೆಂದೇ ಇತ್ತು. ಹಾಗಿದ್ದೂ ತಿಂಗಳ ಬಟ್ಟೆ ಇಡುವ ಟ್ರಂಕನ್ನು ಖಾಲಿ ಮಾಡಲು ನನಗೆ ಬಹಳ ಕಾಲ ಆಗಲಿಲ್ಲ.

ಡೈರಿಗೆ ಮರಳಿದ ಮೊದಲ ದಿನ ಫ್ಯಾಟ್ ನೋಡುವ ಮಿಷಿನ್ನು ಪೀಂ ಎಂದು ಕೂಗಿದ್ದಕ್ಕೆ ಮೈಯೆಲ್ಲ ಬೆವತು ಹೊರಗೆ ಬಂದು ಕೂತೆ. ಐಸಿಯು ಮಾನಿಟರಿನ ಸದ್ದೂ ಅದೇ. ಅದಕ್ಕೂ ಡಾಕ್ಟರಿದ್ದಾರೆ, ಹೇಳಿಕೊಳ್ಳಬೇಕು ಎಂದು ಮೇಡಂ ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದರು. ಈಗ ವಾಸಿ. ಮಿಷಿನ್ನಿನ ಸದ್ದು ಕಮ್ಮಿ ಮಾಡಿಸಿದ್ದೇನೆ ಕೂಡ.

ಪರೀಕ್ಷೆಗೆ ಕಳಿಸಿದ್ದ ಗರ್ಭಕೋಶದ ರಿಪೋರ್ಟಿನಲ್ಲಿ 'ಪ್ಲಾಸೆಂಟಾ ಪರ್ಕ್ರೀಟಾ' ಎಂದು ಬಂತು. ಮಾಸು ಗೋಡೆಯನ್ನು ದಾಟಿ ಆಚೆ ಹೋಗಿದ್ದ ಬಗೆ ಅದು. ಅವ್ವನಿಗೆ ಓದಿ ಹೇಳಿದೆ. "ತೆಗಿಯಕಿಲ್ಲ ಅನ್ನೋರ ತಾವ ಹೋಗ್ನಿಲ್ವಲ್ಲ ಸದ್ಯ" ಅಂದಳು.

ಮೊನ್ನೆ ನಮ್ಮೂರ ಆಶಾ ಕಾರ್ಯಕರ್ತೆ ಒಬ್ಬ ಬಸುರಿಯನ್ನು ಡೈರಿಗೆ ಕರೆತಂದಿದ್ದರು. ಮೊದಲನೇದು ಸಿಸೇರಿಯನ್, ಈಗ ಐದು ತಿಂಗಳು. ಕೈಯಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು. ನೋಡಿದೆ: ಮಾಸು ಹಿಂಭಾಗದಲ್ಲಿ, ಮೇಲುಗಡೆ. "ನಿಂದು ನನ್ನಂಗಿಲ್ಲ, ಆದ್ರೂ ಡಾಕ್ಟರ ಬಾಯಲ್ಲೇ ಒಂದ್ಸತಿ ಕೇಳು" ಅಂದೆ. ಆಮೇಲೆ ಕಾರ್ಡು ತಿರುಗಿಸಿದರೆ ಹಿಮೋಗ್ಲೋಬಿನ್ 8.2. ಮಾತ್ರೆ ನುಂಗಿದರೆ ವಾಕರಿಕೆ, ಅದಕ್ಕೇ ಬಿಟ್ಟಿದ್ದೇನೆ ಅಂದಳು. ರಾತ್ರಿ ಊಟವಾದ ಮೇಲೆ ತಗೊ, ಮೇಲೆ ಟೀ ಕಾಫಿ ಕುಡೀಬೇಡ, ಆಗಲೂ ಆಗದಿದ್ದರೆ ಡ್ರಿಪ್ಪಿನಲ್ಲಿ ಕೊಡುತ್ತಾರೆ, ಸೋಮವಾರ ಪಾಂಡವಪುರಕ್ಕೆ ಹೋಗಿ ಕೇಳು ಅಂದೆ. ಆಶಾ ಅಕ್ಕ ಅವಳ ಹೆಸರನ್ನು ಸೋಮವಾರದ ಪಟ್ಟಿಗೆ ಬರೆದುಕೊಂಡರು.